ಬಾಯಿಪಾಠ ಮಾಡಿದರೂ ತಲೆಗೆ ಹತ್ತದ ಫ್ರೇಸಲ್ ವರ್ಬ್‌ಗಳು

ಪ್ರಶ್ನೆ: ನಾನು ಗದಗ ಜಿಲ್ಲೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಕಾಂ. ಮುಗಿಸಿ, ಈಗ ಹುಬ್ಬಳ್ಳಿಯ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದೇನೆ. ಜೊತೆಗೆ ಬ್ಯಾಂಕ್ ಪರೀಕ್ಷೆಗೂ ಓದುತ್ತಿದ್ದೇನೆ. ಇಂಗ್ಲಿಷ್ ವ್ಯಾಕರಣ ಒಂದು ಮಟ್ಟಕ್ಕೆ ಬರುತ್ತದೆ, ಆದರೆ ಕ್ರಿಯಾಪದಕ್ಕೆ ಅಪ್, ಆಫ್‌ಗಳಂಥ ಸಣ್ಣ ಪದ ಸೇರಿ ಬೇರೆ ಅರ್ಥ ಕೊಡುವ ಫ್ರೇಸಲ್ ವರ್ಬ್ ಎದುರಾದ ಕೂಡಲೇ ತಡವರಿಸುತ್ತೇನೆ. ಐನೂರು ಫ್ರೇಸಲ್ ವರ್ಬ್‌ಗಳ ಪಟ್ಟಿಯೊಂದನ್ನು ಎರಡು ಸಲ ಬಾಯಿಪಾಠ ಮಾಡಿದೆ, ಎರಡು ಸಲವೂ ಮರೆತೆ. ಕಳೆದ ತಿಂಗಳು ‘ದಿ ಮೀಟಿಂಗ್ ಈಸ್ ಕಾಲ್ಡ್ ಆಫ್’ ಎಂದು ಇಮೇಲ್ ಬಂದಾಗ ಸಭೆ ಮುಂದಕ್ಕೆ ಹೋಗಿದೆ ಎಂದು ತಿಳಿದು, ‘ಪ್ಲೀಸ್ ಟೆಲ್ ಮಿ ದಿ ನ್ಯೂ ಡೇಟ್. ಐ ವಿಲ್ ನೋಟ್ ಡೌನ್ ಇಟ್. ಐ ವಿಲ್ ಕೋಪ್ ಅಪ್ ವಿತ್ ದಿ ವರ್ಕ್. ಐ ಆ್ಯಮ್ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು ಆಲ್’ ಎಂದು ಉತ್ತರ ಬರೆದೆ. ಅದರಲ್ಲಿ ತಪ್ಪುಗಳಿವೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು, ಯಾವುವು ಎಂದು ವಿವರಿಸಲಿಲ್ಲ. ಇವುಗಳನ್ನು ಕಲಿಯಲು ಸರಿಯಾದ ದಾರಿ ಯಾವುದು?

ಉತ್ತರ: ಎರಡು ಸಲ ಕಲಿತು ಎರಡು ಸಲವೂ ಮರೆತದ್ದಕ್ಕೆ ನಿಮ್ಮ ನೆನಪಿನ ಶಕ್ತಿಯನ್ನು ದೂರಬೇಡಿ. ಅಂಥ ಪಟ್ಟಿಗಳು ಸಾಮಾನ್ಯವಾಗಿ ಕ್ರಿಯಾಪದದ ಅಕ್ಷರಾನುಕ್ರಮದಲ್ಲಿ ಇರುತ್ತವೆ. ‘ಬ್ರೇಕ್’ ಎಂಬ ಒಂದೇ ಪದದ ಕೆಳಗೆ ಬ್ರೇಕ್ ಡೌನ್, ಬ್ರೇಕ್ ಇನ್, ಬ್ರೇಕ್ ಆಫ್, ಬ್ರೇಕ್ ಔಟ್, ಬ್ರೇಕ್ ಅಪ್ ಎಂದು ಒಂದರ ಕೆಳಗೊಂದು ಬರುತ್ತವೆ. ಮುಖ ಒಂದೇ ಆಗಿರುವ ಐದು ಪದಗಳನ್ನು ಒಂದೇ ಸಂಜೆ ಕಲಿತರೆ ಅವು ಒಂದನ್ನೊಂದು ಅಳಿಸಿಹಾಕುತ್ತವೆ. ನಾನು ಧಾರವಾಡದಲ್ಲಿ ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸಿದ ವರ್ಷಗಳಲ್ಲಿ, ಇಂಥ ಪಟ್ಟಿಯಿಂದ ಫ್ರೇಸಲ್ ವರ್ಬ್ ಕಲಿತು ಬಳಸಬಲ್ಲವರಾದ ಒಬ್ಬರನ್ನೂ ಕಾಣಲಿಲ್ಲ. ಪಟ್ಟಿ ಕಲಿತದ್ದನ್ನು ಪರೀಕ್ಷಿಸಿಕೊಳ್ಳಲು ಉಪಯೋಗ, ಕಲಿಯುವುದಕ್ಕಲ್ಲ.

ಈ ತೊಡಕು ಎಲ್ಲಿಂದ ಹುಟ್ಟುತ್ತದೆ ಎಂಬುದು ನನಗೆ ಸ್ವಂತ ಅನುಭವದಿಂದ ಗೊತ್ತು. ರೋಣದ ಕಡೆಯ ಹಳ್ಳಿಯಿಂದ ಧಾರವಾಡದ ಕಾಲೇಜಿಗೆ ಬಂದ ಮೊದಲ ವರ್ಷ, ಪ್ರಾಧ್ಯಾಪಕರು ತರಗತಿಯ ಕೊನೆಗೆ ‘ಹ್ಯಾಂಡ್ ಇನ್ ಯುವರ್ ನೋಟ್‌ಬುಕ್ಸ್’ ಎಂದರು. ಖಾಕಿ ಕಾಗದದ ಹೊದಿಕೆ ಹಾಕಿದ್ದ ನನ್ನ ನೋಟ್‌ಬುಕ್ಕನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ನಾನು ಬೆಂಚಿನ ಬಳಿ ನಿಂತೇ ಇದ್ದೆ. ಉಳಿದವರೆಲ್ಲ ತಮ್ಮ ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ಇಟ್ಟು ಹೊರಟುಹೋದ ಮೇಲೆಯೇ ಆ ಮಾತಿನ ಅರ್ಥ ‘ಒಪ್ಪಿಸಿ’ ಎಂದು ನನಗೆ ತಿಳಿದದ್ದು. ‘ಹ್ಯಾಂಡ್’ ಗೊತ್ತಿತ್ತು, ‘ಇನ್’ ಗೊತ್ತಿತ್ತು, ಎರಡೂ ಕೂಡಿದಾಗ ಹುಟ್ಟುವ ಮೂರನೆಯ ಅರ್ಥ ಗೊತ್ತಿರಲಿಲ್ಲ. ನಿಮ್ಮ ‘ಕಾಲ್ಡ್ ಆಫ್’ ಕಥೆಯೂ ಇದೇ.

ಆದರೆ ಎರಡು ಪದ ಕೂಡಿ ಮೂರನೆಯ ಅರ್ಥ ಕೊಡುವುದು ಕನ್ನಡದವರಾದ ನಮಗೆ ಹೊಸದೇನಲ್ಲ. ‘ಕೈ’ ಮತ್ತು ‘ಕೊಡು’ ಎರಡನ್ನೂ ಬಲ್ಲ ಹೊರನಾಡಿನವನೊಬ್ಬನಿಗೆ ‘ಈ ವರ್ಷ ಮಳೆ ಕೈಕೊಟ್ಟಿತು’ ಎಂಬ ಮಾತು ಅರ್ಥವಾದೀತೇ? ಮಳೆ ಸಹಾಯಕ್ಕೆ ಕೈ ಚಾಚಿತು ಎಂದೇ ಅವನು ತಿಳಿದಾನು. ಕೈಹಾಕು, ಕೈಬಿಡು, ಕೈಗೂಡು, ಕೈಮಾಡು, ಕೈಹಿಡಿ ಎಂಬಿವುಗಳ ಅರ್ಥವನ್ನು ನಮಗೆ ಯಾರೂ ಪಟ್ಟಿ ಬರೆದು ಕೊಡಲಿಲ್ಲ, ನಾವು ಅವುಗಳನ್ನು ಮಾತಿನ ನಡುವೆ ಕೇಳಿ ಕಲಿತೆವು. ನಮ್ಮ ಭಾಗದ ‘ಹಚ್ಚು’ ಎಂಬ ಒಂದೇ ಧಾತುವನ್ನು ನೋಡಿರಿ: ದೀಪ ಹಚ್ಚುತ್ತೇವೆ, ತಲೆಗೆ ಎಣ್ಣೆ ಹಚ್ಚುತ್ತೇವೆ, ಫ್ಯಾನ್ ಹಚ್ಚುತ್ತೇವೆ, ಫೋನ್ ಹಚ್ಚುತ್ತೇವೆ, ಮಗುವನ್ನು ಸಾಲಿಗೆ (ಶಾಲೆಗೆ) ಹಚ್ಚುತ್ತೇವೆ. ಇಷ್ಟನ್ನು ತಡೆಯಿಲ್ಲದೆ ಬಳಸುವವರಿಗೆ ಇಂಗ್ಲಿಷಿನ ‘ಪುಟ್’ ಮತ್ತು ‘ಗೆಟ್’ ಎಟುಕದ ವಸ್ತುಗಳಲ್ಲ.

ಸಂಸ್ಕೃತ ವ್ಯಾಕರಣದ ಒಂದು ಹಳೆಯ ಶ್ಲೋಕ ಈ ವಿಷಯವನ್ನೇ ಹೇಳುತ್ತದೆ: ‘ಉಪಸರ್ಗೇಣ ಧಾತ್ವರ್ಥೋ ಬಲಾದನ್ಯತ್ರ ನೀಯತೇ, ಪ್ರಹಾರಾಹಾರಸಂಹಾರವಿಹಾರಪರಿಹಾರವತ್’. ಉಪಸರ್ಗವು ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆಡೆಗೆ ಎಳೆದೊಯ್ಯುತ್ತದೆ ಎಂಬುದು ಅದರ ತಾತ್ಪರ್ಯ. ‘ಹಾರ’ದ ಮುಂದೆ ‘ಆ’ ಬಂದರೆ ಊಟ, ‘ವಿ’ ಬಂದರೆ ಸುತ್ತಾಟ, ‘ಸಂ’ ಬಂದರೆ ನಾಶ, ‘ಪ್ರ’ ಬಂದರೆ ಏಟು. ಇಂಗ್ಲಿಷಿನಲ್ಲಿ ಈ ಎಳೆದೊಯ್ಯುವ ಕೆಲಸವನ್ನು ಕ್ರಿಯಾಪದದ ಹಿಂದಿನಿಂದ ಬರುವ ಅಪ್, ಔಟ್, ಆಫ್‌ಗಳಂಥ ಕಿರುಪದಗಳು ಮಾಡುತ್ತವೆ. ಹಳೆಯ ಇಂಗ್ಲಿಷಿನಲ್ಲಿ ಇಂಥ ಪದಗಳು ಮುಂದೆ ಅಂಟಿಕೊಳ್ಳುವುದೂ ಸಾಮಾನ್ಯವಾಗಿತ್ತು. ‘ಅಂಡರ್‌ಸ್ಟ್ಯಾಂಡ್’, ‘ವಿತ್‌ಸ್ಟ್ಯಾಂಡ್’, ‘ಓವರ್‌ಕಮ್’ ಎಂಬವು ಆ ಪದ್ಧತಿಯ ಉಳಿಕೆಗಳು. ಕಾಲಕ್ರಮದಲ್ಲಿ ಆ ರೂಢಿ ಕುಗ್ಗಿ, ಕಿರುಪದ ಹಿಂದೆ ನಿಲ್ಲುವ ರೂಢಿ ಬೆಳೆಯಿತು. ಪರಭಾಷಿಕರಿಗೆ ಅತಿ ಹೆಚ್ಚು ಕಷ್ಟ ಕೊಡುವುದು ಇದೇ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ನಿಘಂಟಿನ ಮುನ್ನುಡಿಯಲ್ಲಿಯೇ ಬರೆದಿದ್ದಾನೆ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಮಾತ್ರ ಬಹಳ ಈಚಿನದು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಹೆನ್ರಿ ಬ್ರ್ಯಾಡ್ಲಿ ಸೂಚಿಸಿದ ಆ ಹೆಸರನ್ನು ಲೋಗನ್ ಪಿಯರ್‌ಸಾಲ್ ಸ್ಮಿತ್ 1925ರಲ್ಲಿ ಮುದ್ರಣದಲ್ಲಿ ಬಳಸಿದರು.

ಆದ್ದರಿಂದ ನನ್ನ ಸಲಹೆಯ ತಿರುಳು ಇಷ್ಟು: ಕ್ರಿಯಾಪದದ ಕಡೆಯಿಂದ ಕಲಿಯಬೇಡಿ, ಕಿರುಪದದ ಕಡೆಯಿಂದ ಕಲಿಯಿರಿ. ಹೀಗೆ ಹೇಳಲು ಆಧಾರವಿದೆ. 10 ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಭಾಷಾಸಂಗ್ರಹವನ್ನು ಪರಿಶೀಲಿಸಿ ಗಾರ್ಡ್ನರ್ ಮತ್ತು ಡೇವೀಸ್ ಎಂಬ ವಿದ್ವಾಂಸರು 2007ರಲ್ಲಿ ತೋರಿಸಿದಂತೆ, ಕೇವಲ 20 ಕ್ರಿಯಾಪದಗಳು 8 ಕಿರುಪದಗಳೊಡನೆ ಕೂಡಿ ಆಗುವ ಜೋಡಿಗಳೇ ಆ ಸಂಗ್ರಹದ ಒಟ್ಟು ಫ್ರೇಸಲ್ ವರ್ಬ್ ಪ್ರಯೋಗಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪಡೆದಿವೆ. 2015ರಲ್ಲಿ ಗಾರ್ನಿಯರ್ ಮತ್ತು ಸ್ಮಿಟ್ ಎಂಬವರು ಅತ್ಯಂತ ಬಳಕೆಯ 150 ಫ್ರೇಸಲ್ ವರ್ಬ್‌ಗಳನ್ನು ಆಯ್ದು, ಕಲಿಯುವವರಿಗೆ ನಿಜವಾಗಿ ಬೇಕಾದ ಅವುಗಳ 288 ಅರ್ಥಗಳನ್ನು ಗುರುತಿಸಿದರು. ಐನೂರು ಎಂಬ ಸಂಖ್ಯೆಗೆ ನೀವು ಹೆದರಬೇಕಾಗಿಲ್ಲ.

ಮೊದಲು ‘ಅಪ್’ ಹಿಡಿಯಿರಿ. ಎದ್ದೇಳುವುದು, ಮೇಲಕ್ಕೆ ಹೋಗುವುದು ಅದರ ಕಣ್ಣಿಗೆ ಕಾಣುವ ಅರ್ಥ: ಗೆಟ್ ಅಪ್, ಸ್ಟ್ಯಾಂಡ್ ಅಪ್. ಅದಕ್ಕಿಂತ ಮುಖ್ಯವಾದುದು, ಕೆಲಸ ಪೂರ್ತಿ ಮುಗಿಯಿತು, ಏನೂ ಉಳಿಯಲಿಲ್ಲ ಎಂಬ ಅರ್ಥ. ಈ ಅರ್ಥಕ್ಕೆ ಕನ್ನಡದಲ್ಲಿ ನಾವು ಬಿಡು, ಹಾಕು, ಹೋಗು ಎಂಬ ಸಹಾಯಕ ಕ್ರಿಯಾಪದಗಳನ್ನು ಬಳಸುತ್ತೇವೆ. ‘ಈಟ್’ ತಿನ್ನು, ‘ಈಟ್ ಅಪ್’ ತಿಂದುಹಾಕು. ‘ಟೇರ್’ ಹರಿ, ‘ಟೇರ್ ಅಪ್’ ಹರಿದುಹಾಕು. ‘ಡ್ರೈ’ ಒಣಗು, ‘ಡ್ರೈ ಅಪ್’ ಬತ್ತಿಹೋಗು. ‘ಯೂಸ್’ ಬಳಸು, ‘ಯೂಸ್ ಅಪ್’ ಬಳಸಿ ಮುಗಿಸಿಬಿಡು. ‘ಹಾಲು ಕುಡಿದ’ ಎನ್ನುವುದಕ್ಕೂ ‘ಹಾಲು ಕುಡಿದುಬಿಟ್ಟ’ ಎನ್ನುವುದಕ್ಕೂ ಇರುವ ಅಂತರ ನಿಮ್ಮ ಕಿವಿಗೆ ಚೆನ್ನಾಗಿ ಗೊತ್ತಿದೆ. ‘ಡ್ರಿಂಕ್’ ಮತ್ತು ‘ಡ್ರಿಂಕ್ ಅಪ್’ ನಡುವೆ ಇರುವುದೂ ಅಂಥದೇ ಅಂತರ. ಎಲ್ಲ ‘ಅಪ್’ಗಳೂ ಈ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ನಿಘಂಟಿನಲ್ಲಿ ಪದ ಹುಡುಕುವ ‘ಲುಕ್ ಅಪ್’, ಎದುರಿಗೆ ಬಂದು ಹಾಜರಾಗುವ ‘ಟರ್ನ್ ಅಪ್’ ಇಂಥವನ್ನು ಬಿಡಿಬಿಡಿಯಾಗಿಯೇ ಕಲಿಯಬೇಕಾಗುತ್ತದೆ. ಆದರೆ ಬಹುಪಾಲು ಕೈಗೆ ಸಿಕ್ಕ ಮೇಲೆ ಉಳಿದ ಸ್ವಲ್ಪವನ್ನು ನೆನಪಿಟ್ಟುಕೊಳ್ಳುವುದು ಭಾರವಾಗದು.

‘ಔಟ್’ ಎಂಬುದಕ್ಕೆ ಎರಡು ದಿಕ್ಕುಗಳಿವೆ. ಇದ್ದದ್ದು ಇಲ್ಲವಾಗುವುದು ಒಂದು: ಪುಟ್ ಔಟ್ ಎಂದರೆ ಬೆಂಕಿ ಆರಿಸು, ಡೈ ಔಟ್ ಎಂದರೆ ಕ್ರಮೇಣ ಅಳಿದುಹೋಗು, ರನ್ ಔಟ್ ಎಂದರೆ ಸಂಗ್ರಹ ತೀರಿಹೋಗು. ಮನೆಯಲ್ಲಿ ಸಿಲಿಂಡರ್ ಮುಗಿದರೆ ‘ವಿ ಹ್ಯಾವ್ ರನ್ ಔಟ್ ಆಫ್ ಗ್ಯಾಸ್’. ಮುಚ್ಚಿದ್ದು ಬೆಳಕಿಗೆ ಬರುವುದು ಎರಡನೆಯದು: ಫೈಂಡ್ ಔಟ್, ಪಾಯಿಂಟ್ ಔಟ್, ಟರ್ನ್ ಔಟ್. ಲೆಕ್ಕಪತ್ರದಲ್ಲಿ ತಪ್ಪು ಎಲ್ಲಿದೆ ಎಂದು ಪತ್ತೆ ಹಚ್ಚಿದರೆ ಅದು ಫೈಂಡ್ ಔಟ್, ಅದನ್ನು ಮೇಲಧಿಕಾರಿಗೆ ಎತ್ತಿ ತೋರಿಸಿದರೆ ಪಾಯಿಂಟ್ ಔಟ್.

‘ಆಫ್’ ಎಂದರೆ ಬೇರ್ಪಡುವುದು, ಕಳಚುವುದು, ಸಂಬಂಧ ಕಡಿಯುವುದು. ಸಿದ್ಧಾರೂಢ ಮಠದ ಬಾಗಿಲಲ್ಲಿ ಚಪ್ಪಲಿ ಬಿಡುವುದು ಟೇಕ್ ಆಫ್, ವಿಮಾನ ನೆಲ ಬಿಡುವುದೂ ಟೇಕ್ ಆಫ್. ಸಾಲವನ್ನು ಪೂರ್ತಿ ತೀರಿಸಿ ಅದರಿಂದ ಬಿಡುಗಡೆ ಹೊಂದುವುದು ಪೇ ಆಫ್. ಹುಬ್ಬಳ್ಳಿ ರೈಲು ನಿಲ್ದಾಣದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ಊರಿಗೆ ಹೊರಟವರನ್ನು ಕಳಿಸಿಕೊಡಲು ನಿಂತವರು ಮಾಡುತ್ತಿರುವುದು ಸೀ ಆಫ್.

ನಿಮ್ಮನ್ನು ತೊಡಕಿಗೆ ಸಿಕ್ಕಿಸಿದ ಜೋಡಿಯೂ ಇಲ್ಲಿಯೇ ಇದೆ. ಸಭೆಯನ್ನು ನಿಗದಿಯಾದ ದಿನದಿಂದ ಬೇರ್ಪಡಿಸಿ ಬೇರೆ ದಿನದಲ್ಲಿ ಇಟ್ಟರೆ ‘ಪುಟ್ ಆಫ್’, ಅಂದರೆ ಮುಂದೂಡುವುದು. ಸಭೆಗೆ ಕೊಟ್ಟ ಕರೆಯನ್ನೇ ಹಿಂದಕ್ಕೆ ತೆಗೆದುಕೊಂಡರೆ ‘ಕಾಲ್ ಆಫ್’, ಅಂದರೆ ರದ್ದುಪಡಿಸುವುದು. ಮುಷ್ಕರವನ್ನು ಕೈಬಿಟ್ಟರೂ ಕಾಲ್ ಆಫ್ ಎನ್ನುತ್ತಾರೆ. ‘ಪುಟ್’ ಇಡುವುದು, ‘ಕಾಲ್’ ಕರೆಯುವುದು ಎಂಬಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇವೆರಡೂ ಇನ್ನು ಕಲೆಯುವುದಿಲ್ಲ.

‘ಪುಟ್ ಆಫ್’ ಕುರಿತು ಇನ್ನೊಂದು ಮಾತು. ವಿದ್ಯಾರ್ಥಿಯೊಬ್ಬನು ಒಮ್ಮೆ ಉತ್ತರಪತ್ರಿಕೆಯಲ್ಲಿ ಅಗ್ನಿಶಾಮಕ ದಳದವರು ಬೆಂಕಿ ಆರಿಸಿದರು ಎನ್ನಲು ‘ದೇ ಪುಟ್ ಆಫ್ ದಿ ಫೈರ್’ ಎಂದು ಬರೆದಿದ್ದನು. ನಾನು ಕೆಂಪು ಗೆರೆ ಎಳೆದು ಬಿಡದೆ ಅವನನ್ನು ಕರೆದು, ಹೀಗೇಕೆ ಬರೆದೆ ಎಂದು ಕೇಳಿದೆ. ‘ದೀಪ ಆರಿಸುವುದಕ್ಕೂ ಬೆಂಕಿ ಆರಿಸುವುದಕ್ಕೂ ಒಂದೇ ಪದ ಅಲ್ಲೇನ್ರಿ ಸರ್?’ ಎಂದನು. ಅವನ ತರ್ಕ ಕನ್ನಡದ ಮಟ್ಟಿಗೆ ಸರಿಯಾಗಿಯೇ ಇತ್ತು. ಇಂಗ್ಲಿಷಿನಲ್ಲಿ ಬೆಂಕಿಗೆ ಪುಟ್ ಔಟ್, ವಿದ್ಯುದ್ದೀಪಕ್ಕೆ ಟರ್ನ್ ಆಫ್ ಅಥವಾ ಸ್ವಿಚ್ ಆಫ್. ನಮ್ಮ ಒಂದು ಪದ ಅಲ್ಲಿ ಎರಡಾಗಿ ಒಡೆಯುವ ಇಂಥ ತಾಣಗಳಲ್ಲಿಯೇ ತಪ್ಪು ಮತ್ತೆ ಮತ್ತೆ ಆಗುತ್ತದೆ. ಮೇಲೆ ಹೇಳಿದ ‘ಕೈಕೊಡು’ ಕೂಡ ಹಾಗೆಯೇ. ದಾರಿಯಲ್ಲಿ ಬಸ್ಸು ಕೈಕೊಟ್ಟರೆ ‘ಬ್ರೇಕ್ ಡೌನ್’, ನಂಬಿದವರು ಕೈಕೊಟ್ಟರೆ ‘ಲೆಟ್ ಡೌನ್’.

‘ಆನ್’ ಎಂಬುದಕ್ಕೆ ಒಂದು ಕಡೆ ತಾಗುವ, ಹಚ್ಚುವ ಅರ್ಥವಿದೆ: ಅಂಗಿ ತೊಡುವುದು ಪುಟ್ ಆನ್, ಫ್ಯಾನ್ ಹಚ್ಚುವುದು ಟರ್ನ್ ಆನ್. ಇನ್ನೊಂದು ಕಡೆ ನಿಲ್ಲದೆ ಮುಂದುವರಿಯುವ ಅರ್ಥವಿದೆ: ಗೋ ಆನ್, ಕ್ಯಾರಿ ಆನ್, ಕೀಪ್ ಆನ್. ‘ಬ್ಯಾಕ್’ ಸುಲಭ, ಮರಳಿ ಎಂದರೆ ಸಾಕು. ‘ಡೌನ್’ ಕುಗ್ಗುವುದನ್ನು, ಕುಸಿಯುವುದನ್ನು ಅಥವಾ ಕಾಗದದ ಮೇಲೆ ಇಳಿಸುವುದನ್ನು ಹೇಳುತ್ತದೆ. ‘ಓವರ್’ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವುದನ್ನು (ಹ್ಯಾಂಡ್ ಓವರ್, ಟೇಕ್ ಓವರ್) ಅಥವಾ ಮೊದಲಿನಿಂದ ಕೊನೆಯವರೆಗೆ ಕಣ್ಣಾಡಿಸುವುದನ್ನು (ಗೋ ಓವರ್, ಲುಕ್ ಓವರ್) ಹೇಳುತ್ತದೆ. ‘ಇನ್’ ಬಗ್ಗೆ ಬಸ್ಸಿನ ಉದಾಹರಣೆಯೊಂದೇ ಸಾಕು. ಹುಬ್ಬಳ್ಳಿ–ಧಾರವಾಡದ ನಡುವಿನ ಚಿಗರಿ ಬಸ್ಸನ್ನು ನೀವು ಹತ್ತಿದರೆ ಗೆಟ್ ಆನ್, ಇಳಿದರೆ ಗೆಟ್ ಆಫ್. ಆಟೊ ಅಥವಾ ಕಾರಾದರೆ ಹತ್ತುವುದು ಗೆಟ್ ಇನ್, ಇಳಿಯುವುದು ಗೆಟ್ ಔಟ್. ನಾವೆಲ್ಲ ಆಡುವ ‘ಗೆಟ್ ಡೌನ್ ಫ್ರಮ್ ದಿ ಬಸ್’ ಎಂಬ ಮಾತು ಭಾರತೀಯ ಇಂಗ್ಲಿಷಿನ ರೂಢಿ. ಅದು ಎಲ್ಲರಿಗೂ ತಿಳಿಯುತ್ತದೆ, ಆದರೆ ಪರೀಕ್ಷೆಯಲ್ಲಿ ಗೆಟ್ ಆಫ್ ಬರೆಯಿರಿ.

ಇನ್ನು ಕರ್ಮಪದ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ. ಕನ್ನಡದಲ್ಲಿ ಕರ್ಮ ಕ್ರಿಯಾಪದಕ್ಕಿಂತ ಮೊದಲೇ ಬಂದುಬಿಡುವುದರಿಂದ ಈ ತೊಡಕು ನಮಗೆ ಪರಿಚಿತವೇ ಅಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸಬೇಕು. ‘ಟರ್ನ್ ಆಫ್ ದಿ ಲೈಟ್’ ಎನ್ನಬಹುದು, ‘ಟರ್ನ್ ದಿ ಲೈಟ್ ಆಫ್’ ಎಂದೂ ಎನ್ನಬಹುದು. ಆದರೆ ಲೈಟ್ ಎಂಬ ನಾಮಪದದ ಬದಲು ‘ಇಟ್’ ಎಂಬ ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು: ‘ಟರ್ನ್ ಇಟ್ ಆಫ್’. ‘ಟರ್ನ್ ಆಫ್ ಇಟ್’ ತಪ್ಪು. ಹಾಗೆಯೇ ‘ಪಿಕ್ ಮಿ ಅಪ್’, ‘ಕಾಲ್ ಹರ್ ಬ್ಯಾಕ್’, ‘ಪುಟ್ ದೆಮ್ ಆನ್’. ಕೆಲವು ಜೋಡಿಗಳು ಮಾತ್ರ ಬಿಡಿಸಲಾರದ ಗಂಟುಗಳು: ‘ಲುಕ್ ಆಫ್ಟರ್ ಹರ್’, ‘ಲುಕ್ ಇಂಟು ಇಟ್’, ‘ಲುಕ್ ಫಾರ್ ಇಟ್’. ಇವೆರಡು ಬಗೆಗಳನ್ನು ಕಿವಿಯಿಂದ ಗುರುತಿಸಲು ಒಂದು ಉಪಾಯವಿದೆ. ಬಲ್ಲವರು ‘ಟರ್ನ್ ಇಟ್ ಆಫ್’ ಎನ್ನುವಾಗ ಒತ್ತು ‘ಆಫ್’ ಮೇಲೆ ಬೀಳುತ್ತದೆ. ‘ಲುಕ್ ಫಾರ್ ಇಟ್’ ಎನ್ನುವಾಗ ಒತ್ತು ‘ಲುಕ್’ ಮೇಲೆ ಬೀಳುತ್ತದೆ. ಕಿರುಪದಕ್ಕೆ ಒತ್ತು ಬಿದ್ದರೆ ಸಾಮಾನ್ಯವಾಗಿ ಸರ್ವನಾಮ ನಡುವೆ ಬರುತ್ತದೆ. ಕಲಿಯುವವರಿಗಾಗಿ ಬರೆದ ಇಂಗ್ಲಿಷ್ ನಿಘಂಟುಗಳಲ್ಲಿ ಪ್ರತಿ ಕ್ರಿಯಾಪದದ ವಿವರಣೆಯ ಕೊನೆಗೆ ಅದರ ಫ್ರೇಸಲ್ ವರ್ಬ್‌ಗಳಿರುತ್ತವೆ. ಕೆಲವು ನಿಘಂಟುಗಳು ಕರ್ಮಪದ ಎರಡೂ ಕಡೆ ಸರಿಯಬಲ್ಲದು ಎಂಬುದಕ್ಕೆ ಎರಡು ಮೊನೆಯ ಬಾಣದ ಗುರುತನ್ನು ಹಾಕಿರುತ್ತವೆ. ಅರ್ಥ ನೋಡಿ ಪುಟ ಮಡಚುವ ಮೊದಲು ಆ ಗುರುತನ್ನೂ ನೋಡಿರಿ.

ನಿಮಗೆ ಈಗಾಗಲೇ ಗೊತ್ತಿರುವ ಸಂಗ್ರಹವೂ ಸಣ್ಣದಲ್ಲ. ಚೆಕಪ್, ಪಿಕಪ್, ಮೇಕಪ್, ಬ್ಯಾಕಪ್, ಟಾಪಪ್, ಡ್ರಾಪೌಟ್ ಎಂಬ ಪದಗಳು ನಮ್ಮ ಮನೆಮಾತಿನಲ್ಲಿಯೇ ಬೆರೆತಿವೆ. ಇವೆಲ್ಲ ಫ್ರೇಸಲ್ ವರ್ಬ್‌ಗಳಿಂದ ಹುಟ್ಟಿದ ನಾಮಪದಗಳು. ನಾಮಪದವಾದಾಗ ಒಂದೇ ಪದವಾಗಿ ಅಥವಾ ನಡುವೆ ಗೆರೆಯಿಟ್ಟು ಬರೆಯುತ್ತಾರೆ, ಮತ್ತು ಒತ್ತು ಮೊದಲ ಭಾಗಕ್ಕೆ ಬೀಳುತ್ತದೆ. ಕ್ರಿಯಾಪದವಾದಾಗ ಎರಡು ಪದಗಳಾಗಿ ಬಿಡಿಸಿ ಬರೆಯಬೇಕು. ಕಚೇರಿಯ ಕಂಪ್ಯೂಟರಿನಲ್ಲಿ ದಿನವೂ ಮಾಡುವ ಬ್ಯಾಕಪ್ ಒಂದು ಪದ, ‘ಪ್ಲೀಸ್ ಬ್ಯಾಕ್ ಅಪ್ ದಿ ಫೈಲ್ಸ್’ ಎಂಬಲ್ಲಿ ಅದು ಎರಡು ಪದ.

ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವುದರಿಂದ ಪ್ರತಿ ಫ್ರೇಸಲ್ ವರ್ಬಿನ ಎದುರಿಗೆ ಅದರ ಒಂದೇ ಪದದ ಸಮಾನಾರ್ಥಕವನ್ನೂ ಬರೆದುಕೊಳ್ಳಿರಿ: ಪುಟ್ ಆಫ್ ಎಂದರೆ ಪೋಸ್ಟ್‌ಪೋನ್, ಪುಟ್ ಔಟ್ ಎಂದರೆ ಎಕ್ಸ್‌ಟಿಂಗ್ವಿಶ್, ಪುಟ್ ಅಪ್ ವಿತ್ ಎಂದರೆ ಟಾಲರೇಟ್, ಲುಕ್ ಇಂಟು ಎಂದರೆ ಇನ್ವೆಸ್ಟಿಗೇಟ್. ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನಿಂದಲೂ, ಮುಂದೆ ಪಂಡಿತರ ಮೂಲಕ ನೇರವಾಗಿ ಲ್ಯಾಟಿನ್ನಿನಿಂದಲೂ ಬಂದ ಪದಗಳು ಗ್ರಂಥಭಾಷೆಯಲ್ಲಿ ನೆಲೆಸಿದವು, ಪುಟ್, ಗೆಟ್, ಲುಕ್‌ಗಳಂಥ ಪದಗಳು ದಿನಬಳಕೆಯಲ್ಲಿ ಉಳಿದವು. ನಮ್ಮಲ್ಲಿ ‘ಸಹಿಸು’ ಮತ್ತು ‘ತಾಳಿಕೊ’ ಒಟ್ಟಿಗೆ ಬಾಳುವಂತೆ ಅಲ್ಲಿಯೂ ಎರಡು ಬಗೆಯ ಪದಗಳಿವೆ. ಅರ್ಜಿ ಮತ್ತು ಔಪಚಾರಿಕ ಪತ್ರಗಳಿಗೆ ಒಂಟಿ ಪದ ಒಪ್ಪುತ್ತದೆ, ಮಾತಿಗೆ ಮತ್ತು ಸಹೋದ್ಯೋಗಿಗಳ ನಡುವಿನ ಇಮೇಲಿಗೆ ಫ್ರೇಸಲ್ ವರ್ಬ್ ಒಪ್ಪುತ್ತದೆ.

ಅಭ್ಯಾಸಕ್ಕೆ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು, ಒಂದೊಂದು ಕಿರುಪದಕ್ಕೆ ಹಲವು ಪುಟಗಳನ್ನು ಬಿಡಿರಿ. ವಾರಕ್ಕೆ ಐದು ಜೋಡಿ ಸಾಕು, ಹೆಚ್ಚು ಬೇಡ. ಅವು ನೀವು ಆ ವಾರ ಓದಿದ ಇಮೇಲಿನಲ್ಲಿ, ಪತ್ರಿಕೆಯಲ್ಲಿ ಅಥವಾ ಪ್ರಶ್ನೆಪತ್ರಿಕೆಯಲ್ಲಿ ಕಂಡವೇ ಆಗಿರಲಿ. ಅರ್ಥವನ್ನಷ್ಟೇ ಬರೆಯದೆ, ನಿಮ್ಮ ಆ ದಿನದ ಬದುಕಿನಿಂದ ಎತ್ತಿಕೊಂಡ ಒಂದು ಪೂರ್ಣ ವಾಕ್ಯವನ್ನು ಬರೆಯಿರಿ. ಅದರ ಕೆಳಗೆ ಅದೇ ವಾಕ್ಯವನ್ನು ‘ಇಟ್’ ಅಥವಾ ‘ದೆಮ್’ ಹಾಕಿ ಮತ್ತೊಮ್ಮೆ ಬರೆಯಿರಿ. ಕನ್ನಡದಲ್ಲಿ ಆ ಸಂದರ್ಭಕ್ಕೆ ನೀವು ಸಹಜವಾಗಿ ಆಡುವ ಮಾತು ಯಾವುದೋ ಅದನ್ನೇ ಅರ್ಥವಾಗಿ ಬರೆಯಿರಿ, ನಿಘಂಟಿನ ಗಡಸು ಪದ ಬೇಡ. ಎರಡೂ ವಾಕ್ಯಗಳನ್ನು ಗಟ್ಟಿಯಾಗಿ ಓದಿರಿ, ಏಕೆಂದರೆ ಸರ್ವನಾಮದ ಜಾಗ ನಿಯಮದಿಂದ ಅಲ್ಲ, ನಾಲಿಗೆಯ ರೂಢಿಯಿಂದ ನಿಲ್ಲುತ್ತದೆ. ಹತ್ತು ದಿನ ಕಳೆದ ಮೇಲೆ ಇಂಗ್ಲಿಷ್ ಭಾಗವನ್ನು ಕೈಯಿಂದ ಮುಚ್ಚಿ, ಕನ್ನಡದ ಮಾತನ್ನು ಮಾತ್ರ ನೋಡಿ ವಾಕ್ಯವನ್ನು ಹೇಳಲು ಪ್ರಯತ್ನಿಸಿರಿ. ಬಾರದೆ ಹೋದವುಗಳಿಗೆ ಮುಂದಿನ ವಾರದ ಐದರಲ್ಲಿ ಮೊದಲು ಜಾಗ ಕೊಡಿರಿ, ಹೊಸವು ಆಮೇಲೆ. ನಿಮ್ಮ ಹಳೆಯ ಐನೂರರ ಪಟ್ಟಿಯನ್ನು ತಿಂಗಳಿಗೊಮ್ಮೆ ತೆರೆದು, ಎಷ್ಟು ನಿಮ್ಮವಾದವು ಎಂದು ಗುರುತು ಹಾಕಿಕೊಳ್ಳಿರಿ.

ಇನ್ನು ನಿಮ್ಮ ಇಮೇಲಿನ ವಾಕ್ಯಗಳು. ಸಭೆಯೇ ರದ್ದಾಗಿದ್ದರಿಂದ ಹೊಸ ದಿನಾಂಕ ಕೇಳುವ ಅಗತ್ಯವಿರಲಿಲ್ಲ, ಆದರೆ ಆ ವಾಕ್ಯದ ರಚನೆಯಲ್ಲಿ ತಪ್ಪಿಲ್ಲ. ‘ನೋಟ್ ಡೌನ್ ಇಟ್’ ಎಂಬಲ್ಲಿ ಸರ್ವನಾಮ ನಡುವೆ ಬರಬೇಕು: ‘ಐ ವಿಲ್ ನೋಟ್ ಇಟ್ ಡೌನ್’. ‘ಕೋಪ್ ಅಪ್ ವಿತ್’ ಎಂಬಲ್ಲಿ ‘ಅಪ್’ ಹೆಚ್ಚಾಗಿದೆ. ‘ಕೀಪ್ ಅಪ್ ವಿತ್’, ‘ಕ್ಯಾಚ್ ಅಪ್ ವಿತ್’ ಎಂಬವುಗಳ ನೆನಪಿನಿಂದ ಅದು ಇಲ್ಲಿಯೂ ನುಸುಳುತ್ತದೆ, ಮತ್ತು ನಮ್ಮ ದೇಶದಲ್ಲಿ ಬಹಳ ಓದಿದವರೂ ಈ ತಪ್ಪು ಮಾಡುತ್ತಾರೆ. ‘ಐ ವಿಲ್ ಕೋಪ್ ವಿತ್ ದಿ ವರ್ಕ್’ ಎಂದಷ್ಟೇ ಬರೆಯಬೇಕು. ಕೊನೆಯ ವಾಕ್ಯದಲ್ಲಿರುವ ‘ಟು’ ನೀವು ತಿಳಿದಂತೆ ‘ಟು ಮೀಟ್’ ಎಂಬುದರ ಭಾಗವಲ್ಲ, ಅದು ‘ಲುಕ್ ಫಾರ್ವರ್ಡ್ ಟು’ ಎಂಬ ಮೂರು ಪದಗಳ ಗಂಟಿಗೆ ಸೇರಿದ್ದು. ಆದ್ದರಿಂದ ಅದರ ನಂತರ ನಾಮಪದವಾಗಲಿ, ನಾಮಪದದಂತೆ ನಡೆಯುವ ‘ಇಂಗ್’ ರೂಪವಾಗಲಿ ಬರಬೇಕು: ‘ಐ ಆ್ಯಮ್ ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು ಆಲ್’.